ಹತ್ತು ನಿಮಿಷದ ಚಿತ್ರ ಮತ್ತು ನಮ್ಮ ಮನೆಗಳ ಮೌನ

(ಹೆತ್ತವರ ಸಭೆಯೊಂದರಲ್ಲಿ, ಮಕ್ಕಳ ಸುರಕ್ಷತೆಯ ಕುರಿತ ಕಿರುಚಿತ್ರ ಪ್ರದರ್ಶನದ ಬಳಿಕ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈಗಷ್ಟೇ ನಾವೆಲ್ಲ 'ಕೋಮಲ್' ಎಂಬ ಕಿರುಚಿತ್ರವನ್ನು ನೋಡಿ ಮುಗಿಸಿದೆವು. ಚಿತ್ರ ಮುಗಿದು ದೀಪ ಬೆಳಗಿದಾಗ ಈ ಸಭಾಂಗಣದಲ್ಲಿ ಆವರಿಸಿದ ಮೌನವನ್ನು ನಾನು ಗಮನಿಸಿದೆ. ತಾಯಂದಿರ ಕಡೆಯಿಂದ ಒಂದೆರಡು ನಿಟ್ಟುಸಿರು ಕೇಳಿಸಿತು. ತಂದೆಯಂದಿರಲ್ಲಿ ಹೆಚ್ಚಿನವರು ತಲೆ ತಗ್ಗಿಸಿದ್ದರು. ಪಕ್ಕದವರ ಮುಖ ನೋಡುವ ಧೈರ್ಯ ಯಾರಿಗೂ ಇದ್ದಂತಿರಲಿಲ್ಲ. ನಾನು ಇಂದು ಮಾತನಾಡಬೇಕೆಂದಿರುವುದು ಈ ಮೌನದ ಬಗ್ಗೆಯೇ. ಏಕೆಂದರೆ ಮಕ್ಕಳ ಮೇಲೆ ಕೈ ಹಾಕುವವನ ಅತಿದೊಡ್ಡ ರಕ್ಷಕ ವಕೀಲನಲ್ಲ, ರಾಜಕಾರಣಿಯೂ ಅಲ್ಲ. ನಮ್ಮ ಈ ಮೌನವೇ ಅವನ ರಕ್ಷಕ.

'ಕೋಮಲ್' ಸುಮಾರು ಹತ್ತು ನಿಮಿಷದ ಅನಿಮೇಷನ್ ಚಿತ್ರ. ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ಅದನ್ನು ಮಕ್ಕಳಿಗಾಗಿ ರೂಪಿಸಿತು. 2014ರ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಶೈಕ್ಷಣಿಕ ಚಿತ್ರದ ಗೌರವವನ್ನು ಅದು ಇನ್ನೊಂದು ಚಿತ್ರದೊಂದಿಗೆ ಹಂಚಿಕೊಂಡಿತು. ಕಥೆ ತೀರಾ ಸರಳ. ಏಳು ವರ್ಷದ ನಗುಮುಖದ ಹುಡುಗಿ. ಪಕ್ಕದ ಮನೆಗೆ ಬಕ್ಷಿ ಎಂಬ ವ್ಯಕ್ತಿ ಬರುತ್ತಾರೆ. ಆತ ಹುಡುಗಿಯ ತಂದೆಯ ಹಳೆಯ ಗೆಳೆಯ. ಆಟವಾಡಿಸುತ್ತಾರೆ, ಚಾಕೊಲೇಟ್ ಕೊಡುತ್ತಾರೆ, ಮನೆಯವರೇ ಆಗಿಬಿಡುತ್ತಾರೆ. ಅನಂತರ ಒಂದು ದಿನ ಆ ಆಟದ ಸ್ವರೂಪ ಬದಲಾಗುತ್ತದೆ. ನಗುವ ಹುಡುಗಿ ಮಂಕಾಗುತ್ತಾಳೆ. ಕೊನೆಗೆ ಅವಳು ಹೇಳುತ್ತಾಳೆ, ಹೆತ್ತವರು ನಂಬುತ್ತಾರೆ. ಆ ಬಳಿಕ ತರಗತಿಯ ಮಕ್ಕಳಿಗೆ ತಮ್ಮ ಶರೀರದ ಮೇಲೆ ತಮಗಿರುವ ಹಕ್ಕನ್ನು ಮತ್ತು 1098 ಎಂಬ ಸಂಖ್ಯೆಯನ್ನು ಕಲಿಸಲಾಗುತ್ತದೆ.

ಈ ಚಿತ್ರದಲ್ಲಿ ನನ್ನನ್ನು ಕಾಡಿದ್ದು ಬಕ್ಷಿಯ ಕೃತ್ಯವಲ್ಲ. ಅಂಥವರ ಬಗ್ಗೆ ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ನನ್ನನ್ನು ಕಾಡಿದ್ದು 'ಹೆತ್ತವರು ನಂಬುತ್ತಾರೆ' ಎಂಬ ಆ ಒಂದು ಭಾಗ. ಯಾಕೆಂದರೆ ನಾನು ನಂಬಿರಲಿಲ್ಲ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನಾಗ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಆರನೆಯ ತರಗತಿಯ ಹುಡುಗನೊಬ್ಬ ಒಂದು ಸಂಜೆ ನನ್ನ ಬಳಿ ಬಂದು, "ಸರ್, ನಾನು ಇನ್ನು ಮುಂದೆ ಟ್ಯೂಷನ್‌ಗೆ ಹೋಗುವುದಿಲ್ಲ ಎಂದು ನಮ್ಮ ಅಪ್ಪನಿಗೆ ನೀವೇ ಹೇಳಿ" ಎಂದ. ಯಾಕೆ ಎಂದು ಕೇಳಿದೆ. "ಅವರು ಒಳ್ಳೆಯವರಲ್ಲ ಸರ್" ಎಂದ. ಕಲಿಸುವವರ ಬಗ್ಗೆ ಹಾಗೆಲ್ಲ ಮಾತನಾಡಬಾರದು ಎಂದು ಗದರಿಸಿ ಕಳುಹಿಸಿದೆ. ಆಲಸ್ಯವೆಂದು ಭಾವಿಸಿದೆ. ಅವನು ಆ ಬಳಿಕ ನನ್ನೊಂದಿಗೆ ಮಾತೇ ಆಡಲಿಲ್ಲ. ಮುಂದಿನ ವರ್ಷ ಶಾಲೆಯನ್ನೂ ಬಿಟ್ಟ. ಕೆಲವು ವರ್ಷಗಳ ಹಿಂದೆ ಅವನು ನನ್ನನ್ನು ಹುಡುಕಿಕೊಂಡು ಬಂದ. ಈಗ ಅವನೂ ಒಬ್ಬ ತಂದೆ. ತನ್ನ ಮಗನನ್ನು ಯಾರ ಮನೆಗೂ ಪಾಠಕ್ಕೆ ಕಳುಹಿಸಲು ತನ್ನಿಂದಾಗುತ್ತಿಲ್ಲ ಎಂದು ಹೇಳಿ, ಅಂದು ಹೇಳದೆ ಉಳಿದದ್ದನ್ನು ಹೇಳಿದ. ನಾನು ಕ್ಷಮೆ ಕೇಳಿದೆ. ಅವನು, "ಅಂದು ಹೇಳಲು ನನ್ನ ಬಳಿ ಶಬ್ದಗಳಿರಲಿಲ್ಲ ಸರ್, ಕೇಳಲು ನಿಮ್ಮ ಬಳಿ ಸಮಯವಿರಲಿಲ್ಲ" ಎಂದ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಊರು, ಹೆಸರು ಕೇಳಬೇಡಿ. ಅಂದಿನಿಂದ ಈ ಚಿತ್ರವನ್ನು ಹಿಡಿದುಕೊಂಡು ಮನೆಯಿಂದ ಮನೆಗೆ, ಸಭೆಯಿಂದ ಸಭೆಗೆ ಅಲೆಯುತ್ತಿದ್ದೇನೆ. ಇದು ಸೇವೆಯಲ್ಲ ಸಹೋದರರೇ, ಸಾಲ ತೀರಿಕೆ.

ಅವನ ಆ ಎರಡು ಮಾತುಗಳಲ್ಲಿ ಕಿರುಚಿತ್ರದ ಪ್ರಯೋಜನವೇನು ಎಂಬ ಪ್ರಶ್ನೆಗೆ ಉತ್ತರವಿದೆ. ಮಗುವಿಗೆ ಶಬ್ದವಿಲ್ಲ, ಹಿರಿಯರಿಗೆ ಕಿವಿಯಿಲ್ಲ. ಒಳ್ಳೆಯ ಚಿತ್ರವೊಂದು ಮಗುವಿಗೆ ಶಬ್ದವನ್ನೂ ಹಿರಿಯರಿಗೆ ಕಿವಿಯನ್ನೂ ಒಟ್ಟಿಗೇ ಕೊಡುತ್ತದೆ. ತನಗೆ ಆದುದನ್ನು 'ನನಗೆ ಆಯಿತು' ಎಂದು ಹೇಳುವುದು ಎಂಟು ವರ್ಷದ ಮಗುವಿಗೆ ಪರ್ವತವನ್ನೇ ಎತ್ತಿದಂತೆ. ಆದರೆ 'ಕೋಮಲ್‌ಗೆ ಆದ ಹಾಗೆ' ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಭಾಷಣ ಮಾಡಿದರೆ ಮಗು ಕೇಳಿಸಿಕೊಳ್ಳುವುದಿಲ್ಲ. ಪ್ರಶ್ನೆ ಹಾಕಿದರೆ ಹೆದರುತ್ತದೆ. ಕಥೆಯ ಮುಂದೆ ಮಾತ್ರ ಅದು ತನ್ನನ್ನು ತಾನೇ ತೆರೆದುಕೊಳ್ಳುತ್ತದೆ. ಇನ್ನು ಹೆತ್ತವರಾದ ನಮಗೂ ಇಂಥ ವಿಷಯವನ್ನು ಎಲ್ಲಿಂದ ಆರಂಭಿಸಬೇಕು, ಯಾವ ಪದ ಬಳಸಬೇಕು ಎಂಬುದು ಗೊತ್ತಿಲ್ಲ. ನಮ್ಮ ಹೆತ್ತವರು ನಮಗೆ ಕಲಿಸಿರಲಿಲ್ಲ. ಚಿತ್ರವು ಆ ಮುಜುಗರದ ಮೊದಲ ವಾಕ್ಯವನ್ನು ನಮ್ಮ ಪರವಾಗಿ ಹೇಳಿಬಿಡುತ್ತದೆ. ಎರಡನೆಯ ವಾಕ್ಯ ಮಾತ್ರ ನಮ್ಮದೇ ಆಗಬೇಕು.

ಈ ಪ್ರಯೋಗ ನಮ್ಮ ದೇಶಕ್ಕೆ ಸೀಮಿತವಲ್ಲ. ಯುರೋಪ್ ಕೌನ್ಸಿಲ್ 2010ರಲ್ಲಿ ಆರಂಭಿಸಿದ ಅಭಿಯಾನಕ್ಕಾಗಿ 'ಕಿಕೊ ಮತ್ತು ಕೈ' ಎಂಬ ಪುಟ್ಟ ಚಿತ್ರ ತಯಾರಾಯಿತು. ಒಂದು ಕೈ, ಒಬ್ಬ ಪುಟ್ಟ ಹುಡುಗ. ಕೈ ಅನುಮತಿ ಕೇಳುತ್ತಾ ಹೋಗುತ್ತದೆ. ಒಳ ಉಡುಪಿನ ಗಡಿ ಬಂದೊಡನೆ ಹುಡುಗ ಬೇಡ ಎನ್ನುತ್ತಾನೆ. ಒಳ ಉಡುಪು ಮುಚ್ಚುವ ಭಾಗವನ್ನು ಬೇರೆಯವರು ಮುಟ್ಟುವಂತಿಲ್ಲ ಎಂಬ ಪಾಠ ಅಷ್ಟರಲ್ಲೇ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಇದೇ ಪಾಠವನ್ನು 2016ರಲ್ಲಿ ಒಂದು ಹಳದಿ ಡೈನೋಸಾರ್ ಹಾಡಿ ಕಲಿಸಿತು. ನೆರೆಯ ಕೇರಳದಲ್ಲಿ 2018ರಲ್ಲಿ ನಟ ನಿವಿನ್ ಪೌಳಿ ಮಕ್ಕಳೊಂದಿಗೆ ಕುಳಿತು ಮಾತನಾಡುವ 'ನೋ, ಗೋ, ಟೆಲ್' ಎಂಬ ಕಿರುಚಿತ್ರ ಬಂತು. ಬೇಡ ಎನ್ನು, ಅಲ್ಲಿಂದ ಹೊರಟುಬಿಡು, ನಂಬಿಕೆಯ ಹಿರಿಯರಿಗೆ ಹೇಳು ಎಂಬ ಮೂರೇ ಮೂರು ಸೂತ್ರಗಳು. ಅದಕ್ಕೂ ಮುನ್ನ 2012ರ ಮೇ 13ರಂದು ಆಮಿರ್ ಖಾನರ 'ಸತ್ಯಮೇವ ಜಯತೆ' ಕಾರ್ಯಕ್ರಮವು ಈ ವಿಷಯವನ್ನು ಭಾನುವಾರದ ಬೆಳಿಗ್ಗೆ ಇಡೀ ದೇಶದ ನಡುಮನೆಗೆ ತಂದಿತ್ತು. ಪಾಕಿಸ್ತಾನದಲ್ಲಿ 2016ರಲ್ಲಿ 'ಉಡಾರಿ' ಎಂಬ ಧಾರಾವಾಹಿ ಮಲತಂದೆಯಿಂದ ನಡೆಯುವ ದೌರ್ಜನ್ಯವನ್ನು ಎತ್ತಿಕೊಂಡಾಗ ಅಲ್ಲಿನ ಪ್ರಸಾರ ನಿಯಂತ್ರಣ ಪ್ರಾಧಿಕಾರ ನೋಟಿಸು ಕೊಟ್ಟಿತು. ಜನರು ಮಾತ್ರ ಕೊನೆಯವರೆಗೂ ನೋಡಿದರು. ಅಂದರೆ ಮೌನದ ಕಾಯಿಲೆ ಎಲ್ಲೆಡೆಯೂ ಇದೆ, ಅದಕ್ಕೆ ಮದ್ದು ಹುಡುಕುವವರೂ ಎಲ್ಲೆಡೆ ಇದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಮಕ್ಕಳಿಗೆ ಇದನ್ನೆಲ್ಲ ತೋರಿಸಿದರೆ ಗೊತ್ತಿಲ್ಲದ್ದನ್ನು ನಾವೇ ಕಲಿಸಿದಂತಾಗುವುದಿಲ್ಲವೇ, ಲಜ್ಜೆ ಕಳೆದುಹೋಗುವುದಿಲ್ಲವೇ? ಈ ಪ್ರಶ್ನೆ ಕೇಳುವವರನ್ನು ನಾನು ಹೀಗಳೆಯುವುದಿಲ್ಲ. ಲಜ್ಜೆಯನ್ನು ವಿಶ್ವಾಸದ ಅಂಗವೆಂದು ಕಲಿತವರು ನಾವು. ಆದರೆ ಲಜ್ಜೆ ಬೇರೆ, ಮುಚ್ಚಿಡುವಿಕೆ ಬೇರೆ. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವನ್ನು ತೆರೆದು ನೋಡಿ. ದಿನದ ಮೂರು ಹೊತ್ತು ಮಕ್ಕಳು ಸಹ ಅನುಮತಿ ಪಡೆದೇ ಹಿರಿಯರ ಕೋಣೆಗೆ ಬರಬೇಕೆಂದು ಅದು ಬಿಡಿಸಿ ಹೇಳುತ್ತದೆ. ಹತ್ತು ವರ್ಷ ತುಂಬಿದ ಮಕ್ಕಳ ಹಾಸಿಗೆಯನ್ನು ಬೇರ್ಪಡಿಸಬೇಕೆಂದು ಪ್ರವಾದಿ(ಸ)ವರ್ಯರು ಕಲಿಸಿದರು. ಲಜ್ಜೆಯು ಅನ್ಸಾರ್ ಮಹಿಳೆಯರನ್ನು ಧರ್ಮವನ್ನು ಕೇಳಿ ಅರಿಯುವುದರಿಂದ ತಡೆಯಲಿಲ್ಲವೆಂದು ಹಝ್ರತ್ ಆಯಿಶಾ(ರ) ಶ್ಲಾಘಿಸಿದರು. ಶರೀರದ ಮರ್ಯಾದೆಯ ಬಗ್ಗೆ ಇಷ್ಟು ನೇರವಾಗಿ ಮಾತನಾಡಿದ ಪರಂಪರೆಯ ವಾರೀಸುದಾರರು ನಾವು. ಹೀಗಿರುವಾಗ ನಮ್ಮ ಮಗುವಿಗೆ 'ನಿನ್ನ ಶರೀರ ನಿನ್ನ ಅಮಾನತ್ತು, ಅದನ್ನು ಕೆಡಿಸುವ ಹಕ್ಕು ಯಾರಿಗೂ ಇಲ್ಲ' ಎಂದು ಹೇಳಲು ನಾಚುವುದಾದರೆ ಆ ನಾಚಿಕೆ ಎಲ್ಲಿಂದ ಬಂತು?

ಇನ್ನು ಮಕ್ಕಳು ಹೆದರಿಬಿಡುತ್ತಾರೆ ಎಂಬ ಆತಂಕ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೇರಿಕ, ಕೆನಡಾ, ಚೀನಾ, ಜರ್ಮನಿ, ಟರ್ಕಿ ಮುಂತಾದ ದೇಶಗಳ ಶಾಲೆಗಳಲ್ಲಿ ಚಿತ್ರ, ನಾಟಕ, ಕಥೆಗಳ ಮೂಲಕ ನೀಡಿದ ಇಂಥ ಪಾಠಗಳ 24 ಅಧ್ಯಯನಗಳನ್ನು ಒಟ್ಟು ಸೇರಿಸಿ, ಸುಮಾರು 5,800 ಮಕ್ಕಳ ಮಾಹಿತಿಯನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶೆ 2015ರಲ್ಲಿ ಪರಿಶೀಲಿಸಿತು. ಮಕ್ಕಳ ತಿಳಿವಳಿಕೆ ಹೆಚ್ಚಿತ್ತು. ಭಯ, ಆತಂಕ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ತಮಗಾದ ನೋವನ್ನು ಹೇಳಿಕೊಂಡ ಮಕ್ಕಳು ಪಾಠ ಕಲಿಯದ ಗುಂಪಿಗಿಂತ ಕಲಿತ ಗುಂಪಿನಲ್ಲಿ ಹೆಚ್ಚಿದ್ದರು. ಆದರೆ ಇನ್ನೊಂದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಇಂಥ ಪಾಠದಿಂದ ದೌರ್ಜನ್ಯವೇ ಕಡಿಮೆಯಾಯಿತೆಂದು ಆ ಅಧ್ಯಯನಗಳು ಸಾಬೀತುಪಡಿಸಿಲ್ಲ. ಅದು ಸಹಜವೇ. ದೌರ್ಜನ್ಯವನ್ನು ನಿಲ್ಲಿಸಬೇಕಾದವರು ಮಕ್ಕಳಲ್ಲ, ಹಿರಿಯರು. ಚಿತ್ರ ತೋರಿಸಿಬಿಟ್ಟೆವು, ಇನ್ನು ಮಗುವೇ ತನ್ನನ್ನು ಕಾಪಾಡಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವುದು ಇನ್ನೊಂದು ಬಗೆಯ ಅನ್ಯಾಯ. ಮೂವತ್ತು ಕಿಲೋ ತೂಕದ ಮಗು ಎಪ್ಪತ್ತು ಕಿಲೋ ತೂಕದ ಚಿಕ್ಕಪ್ಪನಿಗೆ 'ಬೇಡ' ಎನ್ನುವುದು ಎಷ್ಟು ಕಷ್ಟವೆಂದು ಯೋಚಿಸಿ. ಆದ್ದರಿಂದಲೇ ನಾನು ಮಕ್ಕಳಿಗಿಂತ ಮೊದಲು ಹೆತ್ತವರಿಗೆ ಈ ಚಿತ್ರ ತೋರಿಸುತ್ತೇನೆ.

ಅಂಕಿಅಂಶಗಳನ್ನೂ ತುಸು ನೋಡೋಣ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳ 12,447 ಮಕ್ಕಳೊಂದಿಗೆ ಮಾತನಾಡಿ 2007ರಲ್ಲಿ ಒಂದು ವರದಿ ಪ್ರಕಟಿಸಿತು. ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯವನ್ನು ಎದುರಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಗಂಡುಮಕ್ಕಳು ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಇದ್ದರು ಎಂಬುದನ್ನು ದಯವಿಟ್ಟು ಗಮನಿಸಿ. ಹೆಣ್ಣುಮಗಳಿಗೆ ಕಾವಲು, ಗಂಡುಮಗನಿಗೆ ಚಿಂತೆಯಿಲ್ಲ ಎಂಬ ನಮ್ಮ ಲೆಕ್ಕಾಚಾರವೇ ತಪ್ಪು. ದೌರ್ಜನ್ಯವೆಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದರ ನಂಬಿಕೆ ಗಳಿಸಿದ ಸ್ಥಾನದಲ್ಲಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಈಚಿನ ವರ್ಷಗಳ ರಾಷ್ಟ್ರೀಯ ಅಪರಾಧ ದಾಖಲೆಗಳಂತೂ ಪೋಕ್ಸೊ ಕಾಯ್ದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರೇ ಎನ್ನುತ್ತವೆ. ನೆರೆಯವರು, ಬಂಧುಗಳು, ಕುಟುಂಬದ ಸ್ನೇಹಿತರು, ಕಲಿಸುವವರು. ಬಾಗಿಲು ತಟ್ಟಿ, ಸಲಾಮ್ ಹೇಳಿ, ಚಹಾ ಕುಡಿದು ಹೋಗುವವರು.

ಆದರೆ ನಾವು ಮಕ್ಕಳಿಗೆ ಏನನ್ನು ಕಲಿಸುತ್ತೇವೆ? ಅಪರಿಚಿತರು ಚಾಕೊಲೇಟ್ ಕೊಟ್ಟರೆ ತಿನ್ನಬೇಡ, ಗೋಣಿಚೀಲದವನು ಹಿಡಿದುಕೊಂಡು ಹೋಗುತ್ತಾನೆ. ಈ ಅಪರಿಚಿತನ ಭಯ ನಮ್ಮನ್ನು ಎಲ್ಲಿಗೆ ಒಯ್ದಿತೆಂಬುದಕ್ಕೆ ನಮ್ಮದೇ ರಾಜ್ಯದ ಒಂದು ಕಹಿ ಉದಾಹರಣೆಯಿದೆ, ಮತ್ತು ಅದರ ಹಿನ್ನೆಲೆಯಲ್ಲೂ ಒಂದು ಕಿರುಚಿತ್ರವಿದೆ.

ಕರಾಚಿಯ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಯು ಮಕ್ಕಳ ಅಪಹರಣದ ಬಗ್ಗೆ ಜಾಗೃತಿ ಮೂಡಿಸಲು ಒಂದು ಪುಟ್ಟ ಚಿತ್ರ ತಯಾರಿಸಿತ್ತು. ಬೀದಿಯಲ್ಲಿ ಆಡುವ ಮಕ್ಕಳು. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮರುಕ್ಷಣ ಹಿಂದಿರುಗಿ ಬಂದು ಮಗುವನ್ನು ಇಳಿಸಿ, ಮಗುವನ್ನು ಅಪಹರಿಸಲು ಎಷ್ಟು ಸ್ವಲ್ಪ ಹೊತ್ತು ಸಾಕು ನೋಡಿ ಎಂಬ ಸಂದೇಶದ ಫಲಕವನ್ನು ಎತ್ತಿ ಹಿಡಿಯುತ್ತಾರೆ. ಚಿತ್ರದ ಜೀವವೇ ಆ ಕೊನೆಯ ಭಾಗದಲ್ಲಿತ್ತು. 2018ರಲ್ಲಿ ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ನಿಜವಾದ ಅಪಹರಣವೆಂದು ಭಾರತದಲ್ಲಿ ವಾಟ್ಸ್‌ಆ್ಯಪ್ ಮೂಲಕ ಹರಿಯಬಿಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಕಾಡ್ಗಿಚ್ಚಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದ ಯುವಕನೊಬ್ಬನನ್ನು ಗುಂಪು ಬಡಿದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಸಾಯಿಸಿತು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಹಂಚಿದ್ದೇ ಅವರ ಅಪರಾಧವಾಯಿತು.

ಸಹೋದರರೇ, ಈ ಎರಡು ಚಾಕೊಲೇಟುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಅಪರಿಚಿತನ ಚಾಕೊಲೇಟಿಗೆ ನಾವು ಕಲ್ಲು, ದೊಣ್ಣೆ ಹಿಡಿದು ಬರುತ್ತೇವೆ. ಬಕ್ಷಿಯ ಚಾಕೊಲೇಟಿಗೆ 'ಎಷ್ಟು ಒಳ್ಳೆಯವರು' ಎನ್ನುತ್ತೇವೆ. ಮಗುವನ್ನು ಕಾಪಾಡುವ ಹೆಸರಿನಲ್ಲಿ ನಿರಪರಾಧಿಯನ್ನು ಕೊಲ್ಲುವ ಸಮಾಜ, ಮಗುವನ್ನು ಕೊಲ್ಲುವವನಿಗೆ ಮನೆಯೊಳಗೆ ಕುರ್ಚಿ ಹಾಕುತ್ತಿದೆ. ಜಾಗೃತಿಯ ಚಿತ್ರವೊಂದು ಕೊಲೆಯ ಸಾಧನವಾಗಬಲ್ಲದು ಎಂಬ ಈ ಪಾಠವನ್ನು, ಚಿತ್ರ ತಯಾರಿಸುವವರೂ ಫಾರ್ವರ್ಡ್ ಮಾಡುವವರೂ ಮರೆಯಬಾರದು.

ಫಾರ್ವರ್ಡ್ ಎಂದ ಮೇಲೆ ಇನ್ನೊಂದು ಮಾತು. ಮಕ್ಕಳ ಮೇಲೆ ನಿಜವಾಗಿ ನಡೆದ ದೌರ್ಜನ್ಯದ ದೃಶ್ಯಗಳನ್ನು 'ಅಪರಾಧಿ ಸಿಗುವ ತನಕ ಹಂಚಿ' ಎಂಬ ಒಕ್ಕಣೆಯೊಂದಿಗೆ ಕಳುಹಿಸುವ ಸದುದ್ದೇಶದ ಜನರು ನಮ್ಮ ಮೊಹಲ್ಲಾ ಗುಂಪುಗಳಲ್ಲೂ ಇದ್ದಾರೆ. ಅದು ಜಾಗೃತಿಯಲ್ಲ, ಅಪರಾಧ. ಮಗುವಿನ ಲೈಂಗಿಕ ಶೋಷಣೆಯ ದೃಶ್ಯವನ್ನು ಹಂಚುವುದು ಮಾತ್ರವಲ್ಲ, ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದು ಕೂಡ ಶಿಕ್ಷಾರ್ಹವಾಗಬಹುದೆಂದು ಸುಪ್ರೀಮ್ ಕೋರ್ಟು 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. ಪ್ರತಿ ಫಾರ್ವರ್ಡ್‌ನಲ್ಲೂ ಆ ಮಗು ಮತ್ತೊಮ್ಮೆ ಅವಮಾನಿತವಾಗುತ್ತದೆ. ಪೊಲೀಸರಿಗೆ ತಿಳಿಸಿ. ಗುಂಪಿಗೆ ಹಾಕಬೇಡಿ.

ಹಾಗಾದರೆ ಒಳ್ಳೆಯ ಚಿತ್ರವನ್ನು ಗುರುತಿಸುವುದು ಹೇಗೆ? ಅದು ಕೃತ್ಯವನ್ನು ತೋರಿಸುವುದಿಲ್ಲ, ಮಗುವಿನ ಮುಖದ ಮೇಲಿನ ಬದಲಾವಣೆಯನ್ನು ಮಾತ್ರ ತೋರಿಸುತ್ತದೆ. ತಪ್ಪು ಮಗುವಿನದ್ದಲ್ಲ ಎಂಬುದನ್ನು ಅನುಮಾನಕ್ಕೆಡೆಯಿಲ್ಲದಂತೆ ಹೇಳುತ್ತದೆ. ಅಪರಾಧಿಯನ್ನು ರಾಕ್ಷಸನಂತೆ, ಕೊಳಕು ಬಟ್ಟೆಯ ಬಡವನಂತೆ ಅಥವಾ ಯಾವುದೋ ಒಂದು ಸಮುದಾಯದವನಂತೆ ಚಿತ್ರಿಸುವುದಿಲ್ಲ. ಹೇಳಿಕೊಂಡ ಮಗುವನ್ನು ನಂಬುವ ಒಬ್ಬ ಹಿರಿಯರಾದರೂ ಅದರಲ್ಲಿರುತ್ತಾರೆ. ಮುಂದೇನು ಮಾಡಬೇಕು ಎಂಬ ಉತ್ತರದೊಂದಿಗೆ ಅದು ಮುಗಿಯುತ್ತದೆ. ಇಲ್ಲಿರುವ ಕಾಲೇಜು ತರುಣರಲ್ಲಿ ಹಲವರು ಮೊಬೈಲಿನಲ್ಲೇ ಚಿತ್ರ ತೆಗೆಯುವ ಕೌಶಲ ಉಳ್ಳವರು. ನಮ್ಮ ಮನೆಯ ಮಾತಿನಲ್ಲಿ, ದಖನಿಯಲ್ಲಿ, ಬ್ಯಾರಿಯಲ್ಲಿ, ನವಾಯತಿಯಲ್ಲಿ, ಕನ್ನಡದಲ್ಲಿ ಇಂಥ ಚಿತ್ರಗಳನ್ನು ತಯಾರಿಸಿ. ಅದರಲ್ಲಿನ ತಾಯಿ ನಮ್ಮ ತಾಯಂದಿರಂತೆ ಮಾತನಾಡಲಿ, ಅಡುಗೆಮನೆ ನಮ್ಮದರಂತೆಯೇ ಇರಲಿ. ಕಥೆಯ ಬಲಿಪಶು ಒಮ್ಮೆಯಾದರೂ ಹುಡುಗನಾಗಿರಲಿ. ಆದರೆ ನಿಜವಾಗಿ ನೊಂದ ಮಗುವನ್ನು, ಮುಖ ಮಸುಕು ಮಾಡಿಯೂ, ಕ್ಯಾಮೆರಾದ ಮುಂದೆ ತರಬೇಡಿ. ಮಗುವಿನ ಹೆಸರು, ವಿಳಾಸ, ಶಾಲೆ, ಕುಟುಂಬ ಯಾವುದನ್ನೂ ಬಹಿರಂಗಪಡಿಸುವುದನ್ನು ಪೋಕ್ಸೊ ಕಾಯ್ದೆಯ 23ನೆಯ ಕಲಮು ನಿಷೇಧಿಸಿದೆ.

ಈ ಕಾಯ್ದೆಯ ಬಗ್ಗೆ ಪ್ರತಿಯೊಂದು ಮನೆಗೂ ಗೊತ್ತಿರಬೇಕು. 2012ರ ನವೆಂಬರ್ 14ರಂದು ಜಾರಿಗೆ ಬಂದ ಇದು 18 ವರ್ಷದೊಳಗಿನ ಗಂಡು, ಹೆಣ್ಣು ಎರಡೂ ಮಕ್ಕಳಿಗೆ ಅನ್ವಯಿಸುತ್ತದೆ. 2019ರ ತಿದ್ದುಪಡಿಯಿಂದ ಶಿಕ್ಷೆ ಇನ್ನಷ್ಟು ಕಠಿಣವಾಗಿದೆ. ಕಾಯ್ದೆಯ ವಿಷಯವನ್ನು ಟಿ.ವಿ., ರೇಡಿಯೊ, ಪತ್ರಿಕೆಗಳ ಮೂಲಕ ಜನರಿಗೆ ತಲುಪಿಸುವುದು ಸರಕಾರಗಳ ಹೊಣೆಯೆಂದು ಅದರ 43ನೆಯ ಕಲಮೇ ಹೇಳುತ್ತದೆ. 2020ರ ನಿಯಮಗಳು ಮಕ್ಕಳ ವಯಸ್ಸಿಗೆ ತಕ್ಕ ಪಾಠ ಸಾಮಗ್ರಿ ಸಿದ್ಧಪಡಿಸುವಂತೆಯೂ, ಮಕ್ಕಳೊಂದಿಗೆ ಒಡನಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಹಿನ್ನೆಲೆಯನ್ನು ಪೊಲೀಸ್ ಮೂಲಕ ಪರಿಶೀಲಿಸುವಂತೆಯೂ ವಿಧಿಸುತ್ತವೆ. ಸರಕಾರ ಮಾಡಬೇಕಾದುದನ್ನು ಅರ್ಧಮರ್ಧ ಮಾಡಿದೆ ಎಂದು ಟೀಕಿಸೋಣ. ಆದರೆ ನಮ್ಮ ಸಂಸ್ಥೆಗಳು ಏನು ಮಾಡಿವೆ?

ಇಲ್ಲಿ ನಾನು ಕಹಿ ಮಾತು ಹೇಳಲೇಬೇಕು. ಶಾಲೆಯಲ್ಲೋ ಮದ್ರಸದಲ್ಲೋ ಹಾಸ್ಟೆಲಿನಲ್ಲೋ ಟ್ಯೂಷನ್ ಮನೆಯಲ್ಲೋ ಇಂಥದ್ದೊಂದು ನಡೆದಾಗ ನಮ್ಮ ಮೊದಲ ಪ್ರತಿಕ್ರಿಯೆ ಏನು? ಸಂಸ್ಥೆಯ ಹೆಸರು ಕೆಡುತ್ತದೆ. ವಿರೋಧಿಗಳಿಗೆ ಅಸ್ತ್ರ ಸಿಗುತ್ತದೆ. ಹುಡುಗಿಗೆ ಮದುವೆಯಾಗಬೇಕು. ಆದ್ದರಿಂದ ಕಮಿಟಿಯ ನಾಲ್ವರು ಕುಳಿತು, ಆ ವ್ಯಕ್ತಿಯನ್ನು ರಾತ್ರೋರಾತ್ರಿ ಊರು ಬಿಡಿಸಿ, ಹೆತ್ತವರಿಗೆ ಸಬ್ರ್ ಬೋಧಿಸಿ ಕಳುಹಿಸಿದರೆ ಮುಗಿಯಿತು. ಮುಗಿಯಿತೇ? ಆತ ಇನ್ನೊಂದು ಊರಿನ ಇನ್ನೊಂದು ಸಂಸ್ಥೆಗೆ ಸೇರುತ್ತಾನೆ. ನಾವು ಮರ್ಯಾದೆ ಉಳಿಸಿಕೊಂಡೆವೆಂದು ಭಾವಿಸಿದ್ದರ ಬೆಲೆಯನ್ನು ಆ ಊರಿನ ಮಕ್ಕಳು ತೆರುತ್ತಾರೆ. ಇದು ರಾಜಿ ಮಾಡಿಕೊಳ್ಳಬಹುದಾದ ಅಪರಾಧವಲ್ಲ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಸಾಮಾನ್ಯರಿಗೆ ಆರು ತಿಂಗಳ ತನಕ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದ ತನಕ ಜೈಲು ಶಿಕ್ಷೆ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ವಿರೋಧಿಗಳ ಅಸ್ತ್ರದ ಮಾತಿಗೂ ಉತ್ತರಿಸುತ್ತೇನೆ. ಆರೋಪಿಯ ಹೆಸರು ನೋಡಿ ದನಿ ಎತ್ತರಿಸುವ, ಹೆಸರು ನೋಡಿಯೇ ದನಿ ಅಡಗಿಸುವ ಮಾಧ್ಯಮಗಳು ಈ ದೇಶದಲ್ಲಿವೆ, ನಿಜ. 2018ರ ಜನವರಿಯಲ್ಲಿ ಜಮ್ಮುವಿನ ಕಠುವಾದಲ್ಲಿ ಎಂಟು ವರ್ಷದ ಬಾಲೆಯ ಮೇಲೆ ಅತ್ಯಾಚಾರವೆಸಗಿ ಕೊಂದಾಗ ಆರೋಪಿಗಳ ಪರ ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೊರಟದ್ದನ್ನು ನಾವು ನೋಡಿದೆವು. ನಮ್ಮವರು ಎಂಬ ಒಂದೇ ಕಾರಣಕ್ಕೆ ಆರೋಪಿಗಳ ಪರ ನಿಲ್ಲುವುದೇ ಎಂದು ನಾವು ಕ್ಷೋಭೆಗೊಂಡೆವು. 2019ರ ಜೂನ್ 10ರಂದು ಪಠಾಣ್‌ಕೋಟ್ ನ್ಯಾಯಾಲಯ ಆರು ಮಂದಿಯನ್ನು ಅಪರಾಧಿಗಳೆಂದು ಘೋಷಿಸಿದಾಗ ನೆಮ್ಮದಿಯ ಉಸಿರು ಬಿಟ್ಟೆವು. ಅಂದು ನಾವು ಎತ್ತಿ ಹಿಡಿದ ಆ ಅಳತೆಗೋಲನ್ನು ನಮ್ಮ ಮೊಹಲ್ಲಾದಲ್ಲಿ ಕೆಳಗಿಡುವುದು ಯಾವ ನ್ಯಾಯ? ಸ್ವಂತ ತಂದೆತಾಯಿ, ಬಂಧುಗಳ ವಿರುದ್ಧವೇ ಆದರೂ ನ್ಯಾಯದ ಪರ ಸಾಕ್ಷಿ ನಿಲ್ಲಬೇಕೆಂಬ ಕುರ್‌ಆನಿನ ಆಜ್ಞೆಯಲ್ಲಿ 'ಸಂಸ್ಥೆಯ ಹೆಸರು ಕೆಡದಿದ್ದರೆ' ಎಂಬ ಷರತ್ತನ್ನು ನಾನಂತೂ ಕಂಡಿಲ್ಲ. ಸಮುದಾಯದ ಹೆಸರು ಕೆಡುವುದು ಅಪರಾಧ ಬಯಲಾದಾಗಲ್ಲ, ಅದನ್ನು ಮುಚ್ಚಿಟ್ಟದ್ದು ಬಯಲಾದಾಗ.

ಕೊನೆಯದಾಗಿ, ಇಲ್ಲಿಂದ ಮನೆಗೆ ಹೋದ ಬಳಿಕ ಏನು ಮಾಡಬೇಕೆಂಬ ಕೆಲವು ಮಾತುಗಳು. ಚಿತ್ರವನ್ನು ಮೊದಲು ನೀವೇ ಇನ್ನೊಮ್ಮೆ ನೋಡಿ. ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಬೇಡಿ, ಪಕ್ಕದಲ್ಲೇ ಕುಳಿತು ನೋಡಿ. ತಂದೆಯೂ ಜೊತೆಗಿರಲಿ. ಇದು ತಾಯಂದಿರ ವಿಷಯ ಎಂದು ಎದ್ದುಹೋಗುವ ತಂದೆಯ ಬಳಿ ಮಗು ಮುಂದೆ ಏನನ್ನೂ ಹೇಳಲಾರದು. ಮುಗಿದ ಮೇಲೆ ಉಪದೇಶ ಬೇಡ. ಆ ಹುಡುಗಿಗೆ ಯಾವಾಗ ಬೇಸರವಾಯಿತು, ಅವಳು ಯಾರಿಗೆ ಹೇಳಿದಳು, ನಿನಗೆ ಹಾಗಾದರೆ ನೀನು ಯಾರಿಗೆ ಹೇಳುತ್ತೀ ಎಂಬ ಮೂರು ಪ್ರಶ್ನೆ ಸಾಕು. ಮೂರನೆಯದಕ್ಕೆ ಮಗು ನಿಮ್ಮ ಹೆಸರು ಹೇಳದಿದ್ದರೆ ಕೋಪಿಸಿಕೊಳ್ಳಬೇಡಿ. ಯಾಕೆ ಹೇಳಲಿಲ್ಲವೆಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಬಂಧುಗಳನ್ನು ಮುದ್ದಿಸುವಂತೆ, ಅವರ ಮಡಿಲಲ್ಲಿ ಕೂರುವಂತೆ ಮಗುವನ್ನು ಒತ್ತಾಯಿಸುವುದನ್ನು ಇಂದಿನಿಂದಲೇ ನಿಲ್ಲಿಸಿ. ಸಲಾಮ್ ಹೇಳಿದರೆ ಸಾಕು, ಅದರಿಂದ ಯಾವ ಸಂಬಂಧವೂ ಮುರಿಯುವುದಿಲ್ಲ. ಶಾಲೆ, ಮದ್ರಸಗಳಲ್ಲಿ ತೋರಿಸುವುದಾದರೆ ವಯಸ್ಸಿಗೆ ತಕ್ಕಂತೆ ಸಣ್ಣ ಗುಂಪುಗಳಲ್ಲಿ ತೋರಿಸಿ. ಮಕ್ಕಳು ಮಾತನಾಡಬಯಸಿದರೆ ಕೇಳಿಸಿಕೊಳ್ಳಬಲ್ಲ ಅಧ್ಯಾಪಕಿಯೋ ಆಪ್ತ ಸಲಹೆಗಾರರೋ ಅಂದು ಅಲ್ಲೇ ಇರಲಿ.

ಮಗು ಏನಾದರೂ ಹೇಳಿತೆಂದಿಟ್ಟುಕೊಳ್ಳಿ. ಚೀರಬೇಡಿ, ಅಡ್ಡಪ್ರಶ್ನೆ ಹಾಕಬೇಡಿ, ಅಲ್ಲಿಗೆ ಯಾಕೆ ಹೋದೆ ಎಂದು ಮಾತ್ರ ಕೇಳಲೇಬೇಡಿ. 'ಹೇಳಿದ್ದು ಒಳ್ಳೆಯದಾಯಿತು, ನಾನು ನಂಬುತ್ತೇನೆ, ನಿನ್ನದೇನೂ ತಪ್ಪಿಲ್ಲ' ಎಂದು ಹೇಳಿ. ಮಗು ಬಳಸಿದ ಮಾತುಗಳನ್ನೇ ಬರೆದಿಟ್ಟುಕೊಳ್ಳಿ. ಆ ವ್ಯಕ್ತಿಯ ಮನೆಗೆ ದೊಣ್ಣೆ ಹಿಡಿದು ಹೋಗಬೇಡಿ. 1996ರಲ್ಲಿ ಮುಂಬೈಯಲ್ಲಿ ಆರಂಭವಾದ 1098 ಸಹಾಯವಾಣಿಯನ್ನು 2023ರಿಂದ ಸರಕಾರವೇ ವಹಿಸಿಕೊಂಡಿದೆ. ಅದಕ್ಕೋ 112ಕ್ಕೋ ಕರೆ ಮಾಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಅಥವಾ ಮಗು ಬಯಸಿದ ಕಡೆ, ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಮೂಲಕ, ಸಮವಸ್ತ್ರವಿಲ್ಲದೆ ಪಡೆಯಬೇಕೆಂದು ಕಾಯ್ದೆ ಹೇಳುತ್ತದೆ. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಈ ಹಕ್ಕುಗಳನ್ನು ತಿಳಿದು ಕೇಳಿ ಪಡೆಯಿರಿ.

ಪ್ರತಿಯೊಬ್ಬರೂ ಕಾವಲುಗಾರರು, ತಮ್ಮ ಕಾವಲಿನಲ್ಲಿರುವವರ ಬಗ್ಗೆ ಪ್ರತಿಯೊಬ್ಬರೂ ವಿಚಾರಿಸಲ್ಪಡುವರು ಎಂಬ ಪ್ರವಾದಿವಚನವನ್ನು ನಾವು ಎಷ್ಟೋ ಖುತ್ಬಾಗಳಲ್ಲಿ ಕೇಳಿದ್ದೇವೆ. ನಾಳೆ ನನ್ನನ್ನು ಆ ಹುಡುಗನ ಬಗ್ಗೆ ಖಂಡಿತ ವಿಚಾರಿಸಲಾಗುವುದು. ಅವನು ಬಂದು ನನ್ನ ಮುಂದೆ ನಿಂತ ಆ ಸಂಜೆ ನನ್ನ ಕೈಯಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಒಂದು ಕಟ್ಟಿತ್ತು. ಅದನ್ನು ಕೆಳಗಿಟ್ಟು, 'ಕುಳಿತುಕೋ ಮಗು, ಏನಾಯಿತು ಹೇಳು' ಎನ್ನಲು ಒಂದು ನಿಮಿಷ ಸಾಕಾಗಿತ್ತು. ಇಂದು ರಾತ್ರಿ ನಿಮ್ಮ ಮನೆಯಲ್ಲಿ ಆ ಒಂದು ನಿಮಿಷವನ್ನು ಕೊಡಿ ಎಂಬುದಷ್ಟೇ ನನ್ನ ವಿನಂತಿ.

ಅಲ್ಲಾಹನು ನಮ್ಮ ಎಲ್ಲ ಮಕ್ಕಳನ್ನು, ಯಾರ ಮಕ್ಕಳೇ ಆಗಿರಲಿ, ಕಾಪಾಡಲಿ.